ಸ್ಪ್ರಿಂಗ್‌ಫೀಲ್ಡ್‌ವರೆಗೆ ಹೋದ ಸಕ್ಕರೆ

ಹೆಸರು ಹೇಳದಿದ್ದರೆ ಸಾಕಲ್ಲವೇ? ಊರು ಹೇಳುವುದಿಲ್ಲ, ಮಗ ಡಾಕ್ಟರೆಂದೂ ಹೇಳುವುದಿಲ್ಲ. ಆದರೂ ಆಕೆ ಬೇಡವೆಂದಿದ್ದರಲ್ಲ? ಬೇಡವೆಂದದ್ದು ನಮ್ಮ ಜನರ ಮುಂದೆ. ಈ ಸಭೆಯಲ್ಲಿ ನಮ್ಮ ಜನ ಯಾರಿದ್ದಾರೆ? ಇಲಿನಾಯ್ ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡಿನ ಸೆನೆಟ್ ಸಭಾಂಗಣದಲ್ಲಿ ತಮ್ಮ ಸರದಿಗಾಗಿ ಕಾಯುತ್ತಾ ಶ್ರೀ ದ್ವಾರಕಾನಾಥರು ಹೀಗೆ ಯೋಚಿಸುತ್ತಿದ್ದರೆಂದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ, ಅವರೇ ಹೇಳಿದಾಗ. ಅಂದು ಅವರ ಹಿಂದಿನ ಕುರ್ಚಿಯಲ್ಲಿ ಕೂತಿದ್ದ ನನಗೆ ಅವರು ಸುಮ್ಮನಿದ್ದಾರೆಂದಷ್ಟೇ ಕಂಡಿತ್ತು.

ಮೈಸೂರಿನಿಂದ ಬಂದು, ಶಿಕಾಗೋ ಪಕ್ಕದ ಎಲ್ಕ್ ಗ್ರೋವ್ ವಿಲೇಜಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿ ದುಡಿದು, ನಡುವಯಸ್ಸಿನಲ್ಲಿ ಚುನಾವಣೆಗೆ ನಿಂತು ಗೆದ್ದವರು ದ್ವಾರಕಾನಾಥರು. ಚಳಿಗಾಲದಲ್ಲಿ ಬಾಡಿಗೆ ಮನೆಗಳ ಹೀಟಿಂಗ್ ಕಡಿತವಾಗದಂತೆ, ಉಗ್ರಾಣಗಳ ರಾತ್ರಿ ಪಾಳಿಯವರಿಗೆ ಬಸ್ ಸಿಗುವಂತೆ, ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವವರಿಗೆ ರಜೆ ದೊರೆಯುವಂತೆ ಅವರು ಸದನದಲ್ಲಿ ವಾದಿಸಿದರು. ಕೆಲವನ್ನು ಗೆದ್ದರು, ಹೆಚ್ಚಿನವನ್ನು ಮುಂದಿನ ಅಧಿವೇಶನಕ್ಕೆ ಮತ್ತೆ ಹೊತ್ತು ತಂದರು. ಜನಕಲ್ಯಾಣವೆಂಬ ದೊಡ್ಡ ಪದವನ್ನು ಒಬ್ಬರ ಒಲೆ, ಒಬ್ಬರ ಬಸ್‌ಸ್ಟಾಪ್ ಎಂಬಷ್ಟು ಹತ್ತಿರಕ್ಕೆ ತಂದು ಮಾತನಾಡುತ್ತಿದ್ದ ಆ ಕಾಲದಲ್ಲಿ ನಾನು ಪದವಿ ಮುಗಿಸಿ ಅವರ ಕಚೇರಿ ಸೇರಿದೆ. ಕಾರಿನಲ್ಲಿ ಅವರು ನನಗೆ ಅಂಕಲ್. ಶಾಸನಸಭೆಯ ಮೆಟ್ಟಿಲು ಹತ್ತಿದ ಮೇಲೆ ಸೆನೆಟರ್.

ನನ್ನ ತಂದೆ ತೀರಿಕೊಂಡಾಗ ವೀಸಾದ ತೊಡಕಿನಿಂದ ನನಗೆ ಊರಿಗೆ ಹೋಗಲಾಗಲಿಲ್ಲ. ಅಂಕಲ್ ನನ್ನ ಅಪಾರ್ಟ್‌ಮೆಂಟಿಗೆ ಬಂದು, ಸಮಾಧಾನದ ಒಂದು ಮಾತನ್ನೂ ಆಡದೆ ಸಿಂಕಿನಲ್ಲಿದ್ದ ಪಾತ್ರೆಗಳನ್ನೆಲ್ಲ ತೊಳೆದಿಟ್ಟು, ಅನ್ನ ಸಾರು ಮಾಡಿ, ಸಂಜೆಯವರೆಗೆ ಕೂತಿದ್ದು ಹೋದರು. ಅಂದಿನಿಂದ ಅವರ ಮಾತಿಗಿಂತ ಮೌನವನ್ನೇ ನಾನು ಹೆಚ್ಚು ಗಮನಿಸುತ್ತ ಬಂದಿದ್ದೇನೆ. ಅವರ ಎಲ್ಲ ಮೌನಗಳೂ ಅಷ್ಟು ಒಳ್ಳೆಯವಲ್ಲವೆಂದು ತಿಳಿದದ್ದು ಆಮೇಲೆ.

ಮನೆಬಾಗಿಲಿಗೆ ಬಿಸಿಯೂಟ ತಲುಪಿಸುವ ಯೋಜನೆ ಆಗ ಒಂಟಿಯಾಗಿ ಬದುಕುವ ವೃದ್ಧರಿಗೆ ಮಾತ್ರ ಇತ್ತು. ನಮ್ಮ ಟೌನ್‌ಶಿಪ್ಪಿನಲ್ಲಿ ಪ್ರಯೋಗವೆಂದು, ಮಕ್ಕಳ ಜೊತೆಗಿದ್ದೂ ಹಗಲೆಲ್ಲ ಒಬ್ಬರೇ ಇರುವವರಿಗೂ ಕೊಡುತ್ತಿದ್ದರು. ಅದನ್ನು ರಾಜ್ಯಕ್ಕೆಲ್ಲ ವಿಸ್ತರಿಸುವುದು ದ್ವಾರಕಾನಾಥರ ಮಸೂದೆ. ಯಾವುದೇ ವಿಷಯದ ಮೇಲೆ ಮಾತನಾಡುವ ಮೊದಲು ಒಂದು ದಿನ ಅಲ್ಲಿ ಕಳೆಯುವುದು ಅವರ ಪದ್ಧತಿಯಾದ್ದರಿಂದ ಊಟದ ವ್ಯಾನ್ ಹತ್ತಿ ಹೊರಟೆವು.

ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನ ಒಂದು ಮನೆಯಲ್ಲಿ ಬಾಗಿಲು ತೆರೆದವರು ಧಾರವಾಡದ ಕಡೆಯ ನೀಲಮ್ಮನವರು. ಇಲಕಲ್ ಸೀರೆ, ತಲೆಯ ಮೇಲೆ ಸೆರಗು. ಒಮ್ಮೆ ಒಲೆ ಆರಿಸಲು ಮರೆತು ಫೈರ್ ಎಂಜಿನ್ ಬಂದಂದಿನಿಂದ, ಮನೆಯಲ್ಲಿ ಯಾರೂ ಇಲ್ಲದಾಗ ಒಲೆ ಹಚ್ಚಬಾರದೆಂದು ಮಗ ಡಾಕ್ಟರ್ ಮಲ್ಲಪ್ಪ ಹೇಳಿದ್ದರು. ಊಟ ತರುವವನು ನೆಂಟನೆಂಬಂತೆ ಆಕೆ ದಿನಾ ಒಳ್ಳೆಯ ಸೀರೆ ಉಟ್ಟು ಕಾಯುತ್ತಿದ್ದರಂತೆ. ಹಿಂದಿನ ದಿನದ, ಬಿಸಾಡಬೇಕಾದ ಪ್ಲಾಸ್ಟಿಕ್ ಡಬ್ಬಿಯನ್ನು ತೊಳೆದು, ಒಂದು ಹಿಡಿ ಸಕ್ಕರೆ ಹಾಕಿ ಡ್ರೈವರಿಗೆ ವಾಪಸು ಕೊಟ್ಟರು.

"ಖಾಲಿ ಡಬ್ಬಿ ಹೆಂಗ ಕೊಡೂದ್ರಿ? ನಮ್ಮ ಕಡೆ ಹಂಗ ಕೊಡಂಗಿಲ್ಲ," ಎಂದರು. ನಾವು ಹೊರಡುವಾಗ ದನಿ ತಗ್ಗಿಸಿ, "ಸರಕಾರದ ಊಟಾ ಉಣ್ಣಾಕತ್ತೀನಿ ಅಂತ ನಮ್ಮ ಮಂದಿ ಮುಂದ ಹೇಳಬ್ಯಾಡ್ರಿ ಮತ್ತ. ಮಗಾ ಸಣ್ಣಾವ ಆಗ್ತಾನ."

"ಇಲ್ಲಮ್ಮ, ಹೇಳಲ್ಲ," ಎಂದರು ಅಂಕಲ್.

ಮಸೂದೆಯ ಚರ್ಚೆಯಲ್ಲಿ ವಿರೋಧಿಗಳದ್ದು ಒಂದೇ ಪ್ರಶ್ನೆ: ಮಕ್ಕಳಿರುವವರಿಗೆ ಸರ್ಕಾರ ಏಕೆ ಊಟ ಹಾಕಬೇಕು? ದ್ವಾರಕಾನಾಥರು ಎದ್ದು ನಿಂತು, ಅತ್ಯುತ್ತಮ ಸೀರೆ ಉಟ್ಟು ಊಟಕ್ಕೆ ಕಾಯುವ, ಡಬ್ಬಿಯಲ್ಲಿ ಸಕ್ಕರೆ ಹಾಕಿ ಕಳಿಸುವ ಒಬ್ಬ ಅಜ್ಜಿಯ ಕಥೆ ಹೇಳಿದರು. ಸದನ ಮೊದಲು ನಕ್ಕಿತು, ಆಮೇಲೆ ಮತ ಹಾಕಿತು. ಮಸೂದೆ ಅಂಗೀಕಾರವಾಯಿತು. ಇಂದು ರಾಜ್ಯದ ಎಷ್ಟೋ ಮನೆಗಳಲ್ಲಿ ಮಧ್ಯಾಹ್ನ ಬಾಗಿಲು ತಟ್ಟುವ ಸದ್ದಿನ ಹಿಂದೆ ಆ ಭಾಷಣವಿದೆ. ಅವರ ಸೇವೆಯಲ್ಲಿ ಅತಿ ದೊಡ್ಡದು ಯಾವುದೆಂದು ಕೇಳಿದರೆ ನಾನು ಇಂದಿಗೂ ಅದನ್ನೇ ಹೇಳುತ್ತೇನೆ, ತಲೆ ತಗ್ಗಿಸಿ ಹೇಳುತ್ತೇನೆ.

ಯುಗಾದಿಗೆ ನಮ್ಮ ಉಪನಗರದ ಕನ್ನಡ ಸಂಘದವರು ಅವರನ್ನು ಸನ್ಮಾನಿಸಿದರು. ಹೆಮ್ಮೆಯಿಂದ, ಯಾರನ್ನೂ ಕೇಳದೆ, ಆ ಭಾಷಣದ ವಿಡಿಯೊವನ್ನು ದೊಡ್ಡ ಪರದೆಯ ಮೇಲೆ ಹಾಕಿದರು. ಸೀರೆಯ ಮಾತು ಬಂತು, ಸಕ್ಕರೆಯ ಮಾತು ಬಂತು. ಮುಂದಿನ ಸಾಲಿನಲ್ಲಿ ನೀಲಮ್ಮನವರ ಪಕ್ಕ ಕೂತಿದ್ದ ಮೊಮ್ಮಗಳು ಐಶ್ವರ್ಯ ಖುಷಿಯಿಂದ ಕೂಗಿದಳು: "ಅಜ್ಜಿ, ದಟ್ಸ್ ಯು!"

ಇಡೀ ಹಾಲ್ ತಿರುಗಿ ನೋಡಿತು. ಮೈಕ್ ಹಿಡಿದಿದ್ದ ಸಂಘದ ಹೃಷೀಕೇಶ ತಮಾಷೆಗೆಂದೇ, "ಏನ್ ಡಾಕ್ಟ್ರೇ, ನಮ್ಮನೆಗೂ ಒಂದು ಡಬ್ಬಿ ಅಪ್ಲೈ ಮಾಡ್ಕೊಡಿ!" ಎಂದರು. ಜನ ನಕ್ಕರು. ಮಲ್ಲಪ್ಪ ತಾಯಿಯ ಕೈ ಹಿಡಿದು ಎಬ್ಬಿಸಿಕೊಂಡು, ಹಬ್ಬದೂಟದ ಎಲೆಯ ಮುಂದೆ ಕೂರುವ ಮೊದಲೇ ಹೊರಟುಹೋದರು. ವೇದಿಕೆಯ ಮೇಲೆ ಅಂಕಲ್ ಶಾಲು ಹೊದ್ದು ಕೂತಿದ್ದರು. ಏಳಲಿಲ್ಲ.

ಸೋಮವಾರ ವ್ಯಾನ್ ಬಂದಾಗ ನೀಲಮ್ಮನವರು ಬಾಗಿಲು ತೆರೆಯಲಿಲ್ಲ. ಮಂಗಳವಾರವೂ ಇಲ್ಲ. ಡ್ರೈವರ್ ಕಚೇರಿಗೆ ಫೋನ್ ಮಾಡಿದ. ಅಂಕಲ್, "ಕಾರ್ ತೆಗಿ ಮೈತ್ರೇಯಿ," ಎಂದರು. ನಮಗೆ ಬಾಗಿಲು ತೆರೆಯಿತು. ಹತ್ತಿಯ ಹಳೇ ಸೀರೆ.

"ಬರ್ರಿ ಸಾಹೇಬ್ರ. ನನ್ನ ಸಕ್ಕರಿ ಸ್ಪ್ರಿಂಗ್‌ಫೀಲ್ಡ್‌ತನಾ ಹೋತು, ನಾ ಇಲ್ಲೇ ಉಳದೆ ನೋಡ್ರಿ," ಎಂದು ನಕ್ಕರು.

ಅಂಕಲ್ ನಗಲಿಲ್ಲ. "ಊಟ ಯಾಕಮ್ಮ ನಿಲ್ಲಿಸಿದ್ರಿ?"

"ಹಸಿವಿಲ್ರಿ."

ಆಕೆ ಮೊಸರು ಅವಲಕ್ಕಿ ಕಲಸಿ ಇಬ್ಬರಿಗೂ ಕೊಟ್ಟರು. ಅಂಕಲ್ ಬಗ್ಗಿಸಿದ ತಲೆ ಎತ್ತದೆ ತಿಂದರು. ತುಟಿ ಎರಡು ಸಲ ಅಲುಗಿದ್ದನ್ನು ನೋಡಿದೆ. ಕೊನೆಗೆ ಅವರು ಕೇಳಿದ್ದು ಇಷ್ಟೇ: "ಇನ್ನು ಸ್ವಲ್ಪ ಮೊಸರು ಇದ್ಯಾ?" ಸಾವಿರಾರು ಜನರಿಗೆ ಸಿಕ್ಕ ಆ ಊಟವನ್ನು ನೀಲಮ್ಮನವರು ಮತ್ತೆಂದೂ ತೆಗೆದುಕೊಳ್ಳಲಿಲ್ಲ.

ಆಮೇಲೆ ದ್ವಾರಕಾನಾಥರ ಭಾಷಣಗಳಲ್ಲಿ ಮನುಷ್ಯರು ಕಾಣಿಸಿಕೊಳ್ಳಲಿಲ್ಲ. ಬರೀ ಅಂಕಿಅಂಶ, ಬರೀ ಕಲಮುಗಳು. ಪತ್ರಿಕೆಗಳು ಬೇಸರದ ವಾಗ್ಮಿ ಎಂದು ಹಾಸ್ಯ ಮಾಡಿದವು. ಒಮ್ಮೆ ನಾನು ಉಗ್ರಾಣದ ಕೆಲಸಗಾರ್ತಿಯೊಬ್ಬಳ ಕಥೆಯನ್ನು ಭಾಷಣದಲ್ಲಿ ಸೇರಿಸಿ ಕೊಟ್ಟಾಗ ಅದನ್ನು ಹೊಡೆದುಹಾಕಿ, "ಆಕೆ ಮನೇಲೂ ಟಿವಿ ಇರತ್ತೆ," ಎಂದರು. ಆ ಒಣ ಭಾಷಣಗಳಿಂದ ಎರಡು ಮಸೂದೆಗಳು ಸೋತವೆಂದು ನಾನು ನಂಬಿದ್ದೇನೆ. ಹಾಗೆ ಸೋಲುವುದನ್ನು ಅವರು ತಿಳಿದೇ ಆರಿಸಿಕೊಂಡರೆಂದೂ ನಂಬಿದ್ದೇನೆ.

ಈಗ ನಾನು ಮಿಷಿಗನ್ನಿನ ಪ್ಲಿಮತ್‌ನಲ್ಲಿದ್ದೇನೆ. ನೀಲಮ್ಮನವರೂ ಇಲ್ಲಿಯೇ ಮಗಳು ಜಯಾ ಅವರ ಮನೆಯಲ್ಲಿದ್ದಾರೆ. ಪ್ರತಿ ವರ್ಷ ಯುಗಾದಿ ಕಳೆದ ಮೇಲೆ ಅಂಕಲ್ ಶಿಕಾಗೋದಿಂದ ಒಬ್ಬರೇ ಡ್ರೈವ್ ಮಾಡಿಕೊಂಡು ಬಂದು, ಆಕೆಯ ಮುಂದೆ ಕೂತು ಅವಲಕ್ಕಿ ತಿಂದು ಹಿಂದಿರುಗುತ್ತಾರೆ. ಅವರ ನಿವೃತ್ತಿಯ ಸಂದರ್ಭದ ಈ ಲೇಖನದ ಮಾತು ಬಂದಾಗ ಅವರು, "ನನ್ನ ಬಗ್ಗೆ ಬರೆಯೋದಾದ್ರೆ ಅದನ್ನ ಬಿಟ್ಟು ಬರೀಬೇಡ. ಆದ್ರೆ ಅವರನ್ನ ಕೇಳು," ಎಂದರು. ಕೇಳಿದೆ.

"ಬರಿಯವಾ. ಈ ಸರ್ತಿ ಹೆಸರ ಹಾಕು," ಎಂದರು ನೀಲಮ್ಮನವರು. "ಹೆಸರ ಇಲ್ದ ಹೇಳಿದ್ದಕ್ಕ ಮಂದಿ ಹುಡುಕ್ಕೋತ ಬಂದ್ರು."

ನಿವೃತ್ತಿ ಘೋಷಿಸಿದ ಮೇಲೆ ಅಂಕಲ್ ಬಂದಾಗ ನಾನೂ ಅಲ್ಲಿದ್ದೆ. "ಇನ್ನ ಭಾಷಣಾ ಇಲ್ಲೇನ್ರಿ ಸಾಹೇಬ್ರ?" ಎಂದು ಕೇಳಿದರು ನೀಲಮ್ಮನವರು.

"ಇಲ್ಲಮ್ಮ. ಮುಗೀತು."

"ಹಂಗಾರ ಈಗರ ಏನರ ಮಾತಾಡ್ರಿ."

ಅಂಕಲ್ ತಟ್ಟೆಯಲ್ಲಿ ಉಳಿದ ಅವಲಕ್ಕಿಯನ್ನು ಒಂದೆಡೆ ಸೇರಿಸಿದರು. ಬರುವ ದಾರಿಯಲ್ಲಿ ರಸ್ತೆ ರಿಪೇರಿ ನಡೆದಿದೆ, ಎರಡು ಎಗ್ಸಿಟ್ ಮುಚ್ಚಿದ್ದಾರೆ ಎಂದರು.

ದ್ವಾರಕಾನಾಥರು ನೂರು ವರ್ಷ ಬಾಳಲಿ. ಕಾರು ಓಡಿಸುವ ಕಣ್ಣು, ಕೈ ಗಟ್ಟಿಯಾಗಿರಲಿ. ಪ್ಲಿಮತ್ತಿನ ದಾರಿ ತೆರೆದಿರಲಿ. ನೀಲಮ್ಮನವರಿಗೂ ಅಷ್ಟೇ ಆಯುಸ್ಸು ಇರಲಿ. ಸದನದ ಕೆಲಸ ಮುಗಿದರೂ ಅಂಕಲ್‌ಗೆ ಇನ್ನೊಂದು ಕೆಲಸ ಉಳಿದಿದೆ. ತಪ್ಪಾಯಿತು ಎಂದು ಅವರು ನೀಲಮ್ಮನವರಿಗೆ ಇದುವರೆಗೂ ಹೇಳಿಲ್ಲ.