ಎರಡನೇ ಚರಣ

ಲಗ್ನಪತ್ರಿಕೆಯ ದಿನ ನನ್ನ ತಂಗಿ ಆ ಹಾಡಿನ ಎರಡನೇ ಚರಣದ ಬಗ್ಗೆ ಏನಾದರೂ ಹೇಳಿದ್ದಳೋ ಇಲ್ಲವೋ, ನನಗೆ ಖಚಿತವಿಲ್ಲ. ಕೆಲವು ದಿನ ಹೇಳಿದ್ದಳು ಅನ್ನಿಸುತ್ತದೆ. ಅವಳು ಬಾಯಿ ತೆರೆದದ್ದು, ನಾನು ಕೈಯೆತ್ತಿ ತಡೆದದ್ದು ಕಣ್ಣಮುಂದೆ ಬರುತ್ತದೆ. ಆದರೆ ತಪ್ಪು ಗೊತ್ತಾದ ಮೇಲೆ ನೆನಪು ಇಂಥ ಸಾಕ್ಷಿಗಳನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ.

ಉಳಿದದ್ದು ಹೀಗೆ. ಬನಶಂಕರಿಯ ನಮ್ಮ ಮನೆಗೆ ಗಂಡಿನ ಕಡೆಯವರು ಬಂದಿದ್ದರು. ಪುರೋಹಿತರು ಪತ್ರಿಕೆ ಓದಿ, ತಾಂಬೂಲ ಬದಲಾಯಿಸಿ ಆಗಿತ್ತು. ಊಟಕ್ಕೆ ಕೂತಾಗ ಮಾತು ಆರತಕ್ಷತೆಗೆ ತಿರುಗಿತು. ತಂಗಿ ಒಂದು ಸ್ಪ್ಯಾನಿಷ್ ಹಾಡು ಆರಿಸಿದ್ದಳು. ಅಪ್ಪ ಇರಲಿಲ್ಲವಲ್ಲ, ಆ ಹಾಡಿಗೆ ಅಮ್ಮನ ಕೈ ಹಿಡಿದು ವೇದಿಕೆಗೆ ಬರಬೇಕೆಂಬುದು ಅವಳ ಆಸೆ. ಅಮ್ಮನಿಗೆ ಮಂಡಿನೋವು. ಆದರೂ ಇಬ್ಬರೂ ಟೆರೇಸಿನಲ್ಲಿ ಬಟ್ಟೆ ಒಣಹಾಕುವ ತಂತಿಯ ಕೆಳಗೆ ನಡೆದು ನಡೆದು ಅಭ್ಯಾಸ ಮಾಡಿದ್ದರು.

ಹುಡುಗನ ದೊಡ್ಡಮ್ಮ ಹಾಡಿನ ಅರ್ಥ ಕೇಳಿದರು. ಎಂ.ಎ. ಮಾಡುವಾಗ ನಾನು ಒಂದು ವರ್ಷ ಸಂಜೆ ಸ್ಪ್ಯಾನಿಷ್ ಕಲಿತಿದ್ದೆ. ಅಲ್ಲಿ ಇದೇ ಹಾಡಿನ ಮೊದಲ ಚರಣವನ್ನು ಪಾಠಕ್ಕೆ ಕೊಟ್ಟಿದ್ದರು. ತಂಗಿಯನ್ನು ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಟ್ಟೆ. ಒಬ್ಬಳು ಮನೆ ಬಿಟ್ಟು ಹೊರಟಿದ್ದಾಳೆ, ಬಾಗಿಲಲ್ಲಿ ಕಾಯಬೇಡ ಅನ್ನುತ್ತಾಳೆ, ಗಂಡನಿಗೆ ಎಂದೆ. ಗಂಡನಿಗೆ ಎಂದು ಮೇಷ್ಟ್ರು ಹೇಳಿದ್ದರೋ, ನಾನೇ ಸೇರಿಸಿದೆನೋ ತಿಳಿಯದು. ಅಷ್ಟಕ್ಕೆ ನಿಲ್ಲಿಸದೆ, ಹಾಡಿದವಳ ಮದುವೆಯೂ ಮುರಿಯಿತು, ಅದಕ್ಕೇ ಅವಳು ಹೆಸರು ಬಂದ ಹೊತ್ತಿನಲ್ಲೇ ಹಾಡುವುದು ಬಿಟ್ಟಳು ಎಂದೂ ಹೇಳಿದೆ.

ಹುಡುಗ ನಕ್ಕ. "ಏನ್ ಭಾವ, ಸ್ಟೇಜ್ ಹತ್ತೋದ್ರೊಳಗೇ ನನ್ನ ಬಿಟ್ಟು ಹೋಗ್ತಾಳೆ ಅಂತೀರಾ?"

ಎಲ್ಲರೂ ನಕ್ಕರು, ದೊಡ್ಡಮ್ಮ ನಗಲಿಲ್ಲ. ಶುಭಕಾರ್ಯದಲ್ಲಿ ಅಂಥದ್ದು ಬೇಡಮ್ಮ ಎಂದು ಮೆತ್ತಗೆ ಹೇಳಿದರು. ಬಡಿಸುತ್ತಿದ್ದ ಅಮ್ಮ ತಲೆಯಾಡಿಸಿದಳು. ಅಲ್ಲಿಗೆ ಮುಗಿಯಿತು.

ಎಲೆ ಎತ್ತುವಾಗ ತಂಗಿ ನನ್ನ ಮುಖ ನೋಡದೆ ಕೇಳಿದಳು, "ಗೊತ್ತಿರೋದನ್ನೆಲ್ಲ ಹೇಳ್ಲೇಬೇಕಾ ನಿಂಗೆ?"

ನನಗೆ ಗೊತ್ತಿದೆ ಎಂದು ಅವಳೂ ಒಪ್ಪಿದಳಲ್ಲ ಅಂತ ಆಗ ಒಳಗೊಳಗೇ ಖುಷಿಪಟ್ಟೆ.

ಆರತಕ್ಷತೆಯಲ್ಲಿ ಕೀಬೋರ್ಡಿನವನು ಯಾವುದೋ ಸಿನಿಮಾ ಹಾಡು ನುಡಿಸಿದ. ಗಂಡ ಹೆಂಡತಿ ಜೋಡಿಯಾಗಿ ಬಂದರು. ಅಮ್ಮ ಮೊದಲ ಸಾಲಿನ ಕುರ್ಚಿಯಲ್ಲಿ ಕೂತು ನೋಡಿದಳು.

ಅಮ್ಮ ತೀರಿಕೊಂಡು ಎರಡು ವರ್ಷವಾಯಿತು. ತಂಗಿ ಜೆ.ಪಿ. ನಗರದಲ್ಲೇ ಇದ್ದಾಳೆ, ಹಬ್ಬಕ್ಕೆ ಬರುತ್ತಾಳೆ. ಅವಳ ಮಗಳು ನನ್ನನ್ನು ಏನಾದರೂ ಕೇಳಲು ಹೊರಟರೆ, "ಮಾವನ್ನ ಬಿಡು, ಫೋನಲ್ಲಿ ನೋಡ್ಕೋ" ಅನ್ನುತ್ತಾಳೆ.

ಹೋದ ತಿಂಗಳು ಜಯನಗರದ ಒಂದು ಅಂಗಡಿಯಲ್ಲಿ ಆ ಹಾಡು ಕೇಳಿಸಿತು. ಮನೆಗೆ ಬಂದು ಹುಡುಕಿದೆ. ಹಾಡಿದವಳ ಮದುವೆ ಮುರಿದ ಸುದ್ದಿ ಎಲ್ಲೂ ಸಿಗಲಿಲ್ಲ. ಅದನ್ನು ನಾನು ಎಲ್ಲಿಂದ ತಂದೆನೋ. ಅವಳು ಯಾಕೆ ಹಾಡುವುದು ಬಿಟ್ಟಳು ಎಂಬುದಕ್ಕೂ ಒಬ್ಬೊಬ್ಬರು ಒಂದೊಂದು ಕಾರಣ ಬರೆದಿದ್ದಾರೆ, ಯಾವುದನ್ನೂ ನಂಬಲಾರೆ. ಆದರೆ ಎರಡನೇ ಚರಣವನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಮೂರು ಸಲ ಓದಿದೆ. ಬಾಗಿಲಲ್ಲಿ ಕಾಯಬೇಡ ಎಂದು ಅವಳು ಹೇಳುತ್ತಿರುವುದು ತನ್ನ ಅಮ್ಮನಿಗೆ.