ಪುಸ್ತಕದಲ್ಲಿಲ್ಲದ ಮಂಡಿನೋವು

ಹೋದ ತಿಂಗಳು ತೀರಿಕೊಂಡ ಟೈಪಿಸ್ಟ್ ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಬೆರಳಚ್ಚು ಮಾಡಿದವನು. ವಕೀಲರು ಎಷ್ಟೇ ಗಂಟಲು ಹರಿದುಕೊಂಡರೂ ಅವರ ಪ್ರಶ್ನೆಗಳು ಹಾಳೆಗೆ ಇಳಿಯುತ್ತಿರಲಿಲ್ಲ. ಸಾಕ್ಷಿಯ ಉತ್ತರಗಳಷ್ಟೇ, 'ನಾನು ನೋಡಿದೆ', 'ನನಗೆ ಗೊತ್ತಿಲ್ಲ' ಎಂದು ಸಾಲಾಗಿ. ಮನೆಯಲ್ಲಿ ಅವನದು ಮೌನವೇ. "ಇವರ ಜೊತೆ ಜಗಳ ಆಡೋದೂ ಒಂದೇ, ಬೀರು ಜೊತೆ ಆಡೋದೂ ಒಂದೇ" ಎನ್ನುತ್ತಿದ್ದಳು ಹೆಂಡತಿ.

ನಿವೃತ್ತನಾದ ಮೇಲೆ ಬೀದಿಯ ವಾಚನಾಲಯವೇ ಅವನ ಕಚೇರಿ. ಅಲ್ಲಿನ ಓದುಗರು ಒಂದು ಭಾನುವಾರ ಆಟದ ವಿಚಾರಣೆ ಇಟ್ಟುಕೊಂಡರು. ಎಲ್ಲರೂ ಓದಿದ್ದ ಕಾದಂಬರಿಯೊಂದರಲ್ಲಿ ಗಿರಣಿ ಮಾಲೀಕನ ಹೆಂಡತಿ ಮಹಡಿ ಮೆಟ್ಟಿಲಿನಿಂದ ಬಿದ್ದು ಸಾಯುತ್ತಾಳೆ. ಕಾಲು ಜಾರಿತು ಎನ್ನುತ್ತಾನೆ ಮಾಲೀಕ. ಕಾದಂಬರಿಯೂ ಅಲ್ಲಿಗೇ ಬಿಟ್ಟುಬಿಡುತ್ತದೆ. ಅವನು ಕೊಲೆಗಾರ ಹೌದೋ ಅಲ್ಲವೋ, ಹನ್ನೆರಡು ಮಂದಿ ಓದುಗರ ಜ್ಯೂರಿ ಹೇಳಬೇಕು. ಪುಸ್ತಕದಲ್ಲಿರುವುದಷ್ಟೇ ಸಾಕ್ಷ್ಯ. ಗ್ರಂಥಪಾಲಕಿ ನ್ಯಾಯಾಧೀಶೆ. ಮಾಲೀಕನ ಪರ ವಾದಿಸಲು ಔಷಧಿ ಅಂಗಡಿಯವನು, ಟೈಪಿಸ್ಟನ ಬಹುಕಾಲದ ಗೆಳೆಯ. ವಿರುದ್ಧ ಯಾರು ಎಂದಾಗ ಟೈಪಿಸ್ಟ್ ಕೈ ಎತ್ತಿದ. ಎಲ್ಲರೂ ನಕ್ಕರು.

ಮೂರು ವಾರ ಅವನು ಊಟ ನಿದ್ದೆ ಬಿಟ್ಟು ಕುಳಿತ. ಆ ಹನ್ನೆರಡು ಜನರ ಬಾಯಿಂದ 'ಕೊಲೆ' ಎನ್ನುವ ಒಂದು ಮಾತು ಬರಬೇಕು, ಅಷ್ಟೇ ಬೇಕಿತ್ತು ಅವನಿಗೆ. ಯಾಕೆಂದು ಯಾರಿಗೂ ಹೇಳಲಿಲ್ಲ.

ವಿಚಾರಣೆಯ ಭಾನುವಾರ ಅವನು ಭಾಷಣ ಮಾಡಲಿಲ್ಲ. ಜೇಬಿನಿಂದ ಒಂದು ಹಾಳೆ ತೆಗೆದ. ಸತ್ತವಳದೇ ಹೇಳಿಕೆ, ಕೋರ್ಟಿನ ಧಾಟಿಯಲ್ಲಿ ಅವನೇ ಬೆರಳಚ್ಚು ಮಾಡಿದ್ದು.

"ನನಗೆ ಚಿಕ್ಕಂದಿನಿಂದ ಎಡಮಂಡಿ ನೋವು. ಇಳಿಯುವಾಗ ಗೋಡೆಗೆ ಅಂಗೈ ಊರಿ, ಪ್ರತಿ ಮೆಟ್ಟಿಲಿನಲ್ಲೂ ಎರಡು ಪಾದ ಸೇರಿಸಿದ ಮೇಲೆಯೇ ಮುಂದಿನದಕ್ಕೆ ಕಾಲಿಡುತ್ತೇನೆ. ನಾನು ಅವಸರ ಮಾಡುವವಳಲ್ಲ. ನಾನು ಜಾರಲಿಲ್ಲ."

ಜ್ಯೂರಿಯಲ್ಲಿದ್ದ ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಇನ್ನು ಸೋತೆ ಎನ್ನಿಸಿ ಔಷಧಿ ಅಂಗಡಿಯವನು ಎದ್ದ.

"ಸ್ವಾಮಿ ವಕೀಲರೇ, ಈ ಮಂಡಿನೋವು ಯಾವ ಪುಟದಲ್ಲಿದೆ? ಆಯಮ್ಮ ಮುಲಾಮು ಕೇಳ್ಕೊಂಡು ನಮ್ಮಂಗಡಿಗೆ ಬಂದಿದ್ದೂ ನೆನಪಿಲ್ಲವಲ್ಲ."

ಸಭೆಯೆಲ್ಲ ನಕ್ಕಿತು. ಟೈಪಿಸ್ಟ್ ಹಾಳೆಯನ್ನೇ ನೋಡುತ್ತ ನಿಂತ. ನೋವು ಇರಲಿಲ್ಲವೆಂದೂ ಪುಸ್ತಕ ಹೇಳಿಲ್ಲವಲ್ಲ ಎಂದು ವಾದ ಹೂಡಬಹುದಿತ್ತು. ಆದರೆ ದಾಖಲೆಗೆ ತನ್ನದೊಂದು ಅಕ್ಷರ ಸೇರಿಸಿ ಗೊತ್ತಿದ್ದವನಲ್ಲ ಅವನು.

"ಯಾವ ಪುಟದಲ್ಲೂ ಇಲ್ಲ. ತೆಗೆದುಹಾಕಿ."

ಜ್ಯೂರಿ ಮಾಲೀಕನಿಗೆ ಅನುಮಾನದ ಲಾಭ ಕೊಟ್ಟು ಬಿಟ್ಟಿತು.

ಮನೆಗೆ ನಡೆಯುವಾಗ ಗೆಳೆಯ, ಆ ಮಂಡಿಯನ್ನು ಎಲ್ಲಿಂದ ಹುಟ್ಟಿಸಿದೆಯೋ ಎಂದು ಚುಡಾಯಿಸಿದ.

"ಅಕ್ಕಂದು" ಎಂದ ಟೈಪಿಸ್ಟ್.

ಉಳಿದದ್ದನ್ನೂ ಹಾಗೇ, ನಡೆಯುತ್ತಲೇ ಹೇಳಿದ. ಅಕ್ಕ ಸತ್ತಾಗ ತನಗೆ ಇಪ್ಪತ್ತೆರಡು. ಕಾಲು ಜಾರಿತು ಎಂದರು ಭಾವ. ಮನೆ ಮರ್ಯಾದೆ ಬೀದಿಗೆ ಬರುತ್ತದೆ, ಸಹಿ ಹಾಕು ಎಂದರು ಅಪ್ಪ. ಪೊಲೀಸರ ಕಾಗದದಲ್ಲಿ ಎಲ್ಲ ಮೊದಲೇ ಬರೆದಿತ್ತು. ಇವನು ಸಹಿ ಹಾಕಿದ.

ಔಷಧಿ ಅಂಗಡಿಯವನು ನಡುರಸ್ತೆಯಲ್ಲೇ ನಿಂತುಬಿಟ್ಟ. ತಪ್ಪಾಯಿತು ಎನ್ನಲು ಹೋದ.

"ಬಿಡೋ, ನೀನು ಸರಿಯಾಗೇ ಕೇಳ್ದೆ. ಅವತ್ತೂ ಯಾರಾದ್ರೂ ಒಂದು ಮಾತು ಕೇಳಿದ್ರೆ ಹೇಳ್ಬಿಡ್ತಿದ್ದೆ. ಯಾರೂ ಕೇಳ್ಲಿಲ್ಲ."

ಆಮೇಲೆ ಎರಡು ವರ್ಷ ಬದುಕಿದ್ದ. ದಿನಾ ಸಂಜೆ ಬಂದು ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದ. ಸೆಕೆ, ಬೆನ್ನುನೋವು, ಪತ್ರಿಕೆಯ ಸುದ್ದಿ ಎಲ್ಲ ಮಾತಾಡಿದ್ದಾಯಿತು. ಆ ಅಕ್ಕನ ಹೆಸರೇನು ಎಂದು ಗೆಳೆಯ ಒಂದು ದಿನವೂ ಕೇಳಲಿಲ್ಲ.