ಗಂಗಾ ಆಂಟಿ ಆರಿಸಿಕೊಟ್ಟ ಪಿಸ್ತೂಲು

ಗಂಗಾ ಆಂಟಿ ಯಾರನ್ನೇ ಹೊಸದಾಗಿ ಕಂಡರೂ ಮುಖಕ್ಕಿಂತ ಮೊದಲು ಕೈ ನೋಡುತ್ತಿದ್ದರು. ಧಾರವಾಡದವರು. ಅಮೆರಿಕದ ಡಾಲಸ್‌ನ ಆಸ್ಪತ್ರೆಯೊಂದರಲ್ಲಿ, ಪೆಟ್ಟಾದ ಕೈಗಳಿಗೆ ಮತ್ತೆ ಲೋಟ ಹಿಡಿಯುವುದನ್ನು ಕಲಿಸುತ್ತಲೇ ನಿವೃತ್ತರಾದವರು. ಆಮೇಲೆ ಶನಿವಾರ ಬೆಳಿಗ್ಗೆ ಚೂಡಿದಾರ ತೊಟ್ಟು, ಕ್ಯಾರಲ್ಟನ್ ಹತ್ತಿರದ ಶೂಟಿಂಗ್ ರೇಂಜಿನಲ್ಲಿ ಹೆಂಗಸರಿಗೆ ಪಿಸ್ತೂಲು ಕಲಿಸುತ್ತಿದ್ದರು.

ಗಂಡ ಕೆಲಸಕ್ಕೆಂದು ವಾರವಿಡೀ ಹ್ಯೂಸ್ಟನ್‌ನಲ್ಲಿದ್ದಾಗ, ಒಂದು ಮಧ್ಯಾಹ್ನ ಯಾರೋ ನಮ್ಮ ಹಿಂಬಾಗಿಲನ್ನು ಒದ್ದು ಮುರಿದರು. ಏಳು ವರ್ಷದ ಮಗಳನ್ನು ತಬ್ಬಿಕೊಂಡು ನಾನು ಬಚ್ಚಲುಮನೆಯಲ್ಲಿ ಕುಳಿತಿದ್ದೆ. ಅಲಾರಂ ಕೂಗಿದ್ದಕ್ಕೆ ಅವನು ಓಡಿಹೋದ. ನನ್ನ ಭಯ ಮಾತ್ರ ಹೋಗಲಿಲ್ಲ. ಬಂದೂಕಿನ ಅಂಗಡಿಗೆ ಹೋದರೆ, ಮಾರುವವನು ಹೆಂಗಸರಿಗೆ ಇದೇ ಸರಿ ಎಂದು ಅಂಗೈಯಗಲದ ಪುಟ್ಟ ಪಿಸ್ತೂಲೊಂದನ್ನು ಮುಂದಿಟ್ಟ. ಗುಂಡು ಏರಿಸಲು ಎಳೆಯಬೇಕಾದ ಅದರ ಮೇಲ್ಭಾಗವನ್ನು, ಸ್ಲೈಡನ್ನು, ಹಿಂದಕ್ಕೆಳೆಯಲು ನನ್ನಿಂದಾಗಲಿಲ್ಲ. ಗಂಡನನ್ನು ಕರೆದುಕೊಂಡು ಬನ್ನಿ ಅಂದ.

ಅವಮಾನ ನುಂಗಿಕೊಂಡು ಆಂಟಿಯ ಬಳಿ ಹೋದೆ. ಯಾವ ಬಂದೂಕು ಎಂಬ ಮಾತನ್ನೇ ಅವರು ಎತ್ತಲಿಲ್ಲ. ಮನೆಯಲ್ಲಿಡಲು ಬೇಕೋ, ಜೊತೆಗೆ ಒಯ್ಯಲು ಬೇಕೋ, ಮನೆಯಲ್ಲಿ ಮಕ್ಕಳು ಎಷ್ಟು ಜನ ಎಂದು ಕೇಳಿದರು. ಮೊದಲು ಬೀಗದ ಪೆಟ್ಟಿಗೆ ಕೊಳ್ಳಿಸಿದರು. ನಂತರ ರೇಂಜಿನಲ್ಲಿ ಬಾಡಿಗೆಗೆ ಸಿಗುವ ಐದು ಪಿಸ್ತೂಲುಗಳನ್ನು ಒಂದೊಂದಾಗಿ ನನ್ನಿಂದ ಹಾರಿಸಿದರು. ಅಂಗಡಿಯವನು ತೋರಿಸಿದಂಥದ್ದೇ ಪುಟ್ಟದು ಮಣಿಕಟ್ಟಿಗೆ ಕತ್ತೆಯಂತೆ ಒದೆಯಿತು.

"ಸಣ್ಣದು ಅಂದ್ರ ಸೌಮ್ಯ ಅಂತ ತಿಳೀಬ್ಯಾಡ್ರಿ. ಹಗುರ ಇದ್ದಷ್ಟೂ ಜಾಸ್ತಿ ಒದೀತದ," ಎಂದರು.

ಕೊನೆಗೆ ಬೆರಳು ಸಲೀಸಾಗಿ ಟ್ರಿಗರ್‌ಗೆ ತಲುಪುವ, ತುಸು ಭಾರದ, ಮಧ್ಯಮ ಗಾತ್ರದ್ದೊಂದನ್ನು ಕೈಗಿಟ್ಟರು. ಸ್ಲೈಡ್ ಇದರದ್ದೂ ಬಿಗಿಯೇ.

"ಎಳೀಬ್ಯಾಡ್ರಿ. ಎಡಗೈಲೆ ಮ್ಯಾಲಿಂದು ಗಟ್ಟಿ ಹಿಡೀರಿ, ಬಲಗೈಲೆ ಹಿಡಿಕಿ ಮುಂದಕ್ಕ ದಬ್ಬರಿ."

ದಬ್ಬಿದೆ. ಸರಕ್ಕನೆ ಬಂತು. ನಕ್ಕುಬಿಟ್ಟೆ.

ಕೇಳಿದವರಿಗೆಲ್ಲ ಅವರು ಆರಿಸಿಕೊಡುತ್ತಿರಲಿಲ್ಲ. ಹೆಂಡತಿ ಬಿಟ್ಟುಹೋದ ಹೊಸತರಲ್ಲಿ ಆಸ್ಟಿನ್‌ನಿಂದ ಒಬ್ಬರು ಇದೇ ಸಲಹೆ ಕೇಳಿಕೊಂಡು ಬಂದಿದ್ದರು. ನಿದ್ದೆ ಹೇಗಿದೆ ಎಂದು ಆಂಟಿ ಕೇಳಿದರು. ವಾರದಿಂದ ಕಣ್ಣೇ ಮುಚ್ಚಿಲ್ಲ ಎಂದರು ಬಂದವರು. "ನಿಮಗ ಈಗ ಬಂದೂಕು ಬ್ಯಾಡ್ರಿ, ಮಂದಿ ಬೇಕು," ಎಂದು ಮನೆಗೆ ಕರೆದೊಯ್ದು ರೊಟ್ಟಿ ಬಡಿಸಿದರು. ತಾವೇ ವೈದ್ಯರಿಗೆ ಫೋನ್ ಮಾಡಿದರು. ಆಸ್ಟಿನ್‌ನಿಂದ ಬಂದಿದ್ದ ಅವರು ಈಗ ಜಾರ್ಜ್‌ಟೌನ್‌ನಲ್ಲಿ ಮಕ್ಕಳಿಗೆ ಚೆಸ್ ಕಲಿಸುತ್ತಾರೆ.

ಪಿಸ್ತೂಲು ಜೊತೆಗೆ ಒಯ್ಯುವ ಲೈಸೆನ್ಸ್ ಪರೀಕ್ಷೆಯ ದಿನ ಐವತ್ತು ಗುಂಡು ಹಾರಿಸಬೇಕಿತ್ತು. ಆಂಟಿ ಗಾಜಿನಾಚೆ ನಿಂತಿದ್ದರು. ಮೊದಲ ಗುಂಡು ಹಾರಿಸಿದೆ. ಆಮೇಲೆ ಬಚ್ಚಲುಮನೆಯ ಆ ಮಧ್ಯಾಹ್ನ ನೆನಪಾಗಲೇ ಇಲ್ಲ. ನನ್ನ ಉಸಿರು ಮಾತ್ರ ಕೇಳುತ್ತಿತ್ತು. ಪರೀಕ್ಷಕ ಗುರಿಯ ಕಾಗದದ ತೂತುಗಳನ್ನು ಎರಡು ಸಲ ಎಣಿಸಿ, ಅದನ್ನು ನನಗೇ ಕೊಟ್ಟು ಕೈಕುಲುಕಿದ. ಐವತ್ತೂ ಗುರಿಯ ಗೆರೆಯ ಒಳಗೇ ಬಿದ್ದಿದ್ದವು.

ಅಂದೇ ಆಂಟಿ ಕ್ಯಾರಲ್ಟನ್ ಬಿಟ್ಟು ಹ್ಯೂಸ್ಟನ್ ಬಳಿಯ ಫುಲ್‌ಶೀರ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದರು. ಎಂದೂ ಯಾರಿಂದಲೂ ಏನನ್ನೂ ಬಯಸದವರು ಪಾರ್ಕಿಂಗಿನಲ್ಲಿ ಕೈ ಚಾಚಿದರು.

"ಆ ಹಾಳಿ ನನಗ ಕೊಡ್ರಿ."

ಕೊಟ್ಟೆ. ಅದನ್ನು ಹಿಂದಿನ ಗಾಜಿಗೆ ಒಳಗಿನಿಂದ ಸಿಕ್ಕಿಸಿ ಅವರು ಕಾರು ಹೊರಡಿಸಿದರು. ಹಿಂದಿನ ಗಾಜಿನಲ್ಲಿ ತೂತುತೂತಾದ ಆ ಕಾಗದ, ಆಚೆಯ ಬಿಸಿಲನ್ನೆಲ್ಲ ಒಳಬಿಡುತ್ತ, ತಿರುವಿನವರೆಗೂ ನನಗೆ ಕಾಣಿಸುತ್ತಲೇ ಇತ್ತು.